ಸತ್ತುಹೋದ ಎಕ್ಸ್‌ಪಿ ಯಂತ್ರವನ್ನು ಉಬುಂಟು ಒಳಗೆ ಎಬ್ಬಿಸಿದ್ದು: ಒಂದು ಪ್ರೆಸ್‌ನ ಪ್ರಕರಣ

ತಾಲ್ಲೂಕು ಕೇಂದ್ರದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ಕೆಲಸ. ಇಷ್ಟನ್ನೂ ಒಂದೇ ಕಂಪ್ಯೂಟರ್ ಮಾಡುತ್ತಿತ್ತು. ಇಂಟೆಲ್ ಕೋರ್ 2 ಡ್ಯುಯೋ, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ನುಡಿ, ಜೊತೆಗೆ ಡಾಂಗಲ್ (ಸಾಫ್ಟ್‌ವೇರ್‌ಗೆ ಬೀಗದ ಕೀಲಿಯ ಹಾಗಿರುವ ಯುಎಸ್‌ಬಿ ತುಂಡು) ಚುಚ್ಚಿದರೆ ಮಾತ್ರ ಓಡುವ ಇನ್ನೊಂದು ಕನ್ನಡ ಫಾಂಟ್ ಸಾಫ್ಟ್‌ವೇರ್. 2025ರ ಬೇಸಿಗೆಯಲ್ಲಿ, ಮದುವೆ ಸೀಸನ್ ಜೋರಾಗಿದ್ದಾಗಲೇ, ಅದರ ಮದರ್‌ಬೋರ್ಡ್ ಹೋಯಿತು. ಕೆಪಾಸಿಟರ್‌ಗಳು ಉಬ್ಬಿ ನಿಂತಿದ್ದವು. ರಿಪೇರಿಯ ಮಾತೇ ಇಲ್ಲ, ಆ ಬೋರ್ಡೂ ಈಗ ಸಿಗುವುದಿಲ್ಲ.

ಯಜಮಾನರು ಹೊಸ ಯಂತ್ರ ಕಟ್ಟಿಸಿದರು. ಎಎಂಡಿ ರೈಝೆನ್ 5 5600ಜಿ, 16 ಜಿಬಿ ರ‍್ಯಾಮ್, 500 ಜಿಬಿ ಎನ್‌ವಿಎಂಇ ಡಿಸ್ಕ್. ಅವರ ಅಕ್ಕನ ಮಗ ಎಂಜಿನಿಯರಿಂಗ್ ಓದುವ ಹುಡುಗ, ಅದಕ್ಕೆ ಉಬುಂಟು 24.04 ಎಂಬ ಲಿನಕ್ಸ್ ಹಾಕಿ, ಕಂಪ್ಯೂಟರ್ ಒಳಗೇ ಇನ್ನೊಂದು ತೋರಿಕೆಯ ಕಂಪ್ಯೂಟರ್ (ವರ್ಚುವಲ್ ಮಷಿನ್) ಓಡಿಸುವ ವರ್ಚುವಲ್‌ಬಾಕ್ಸ್ ಕೂಡ ಇನ್‌ಸ್ಟಾಲ್ ಮಾಡಿ, ಅದರೊಳಗೆ ಎಕ್ಸ್‌ಪಿ ಓಡಿಸುತ್ತೇನೆ ಅಂತ ಹೇಳಿ ಕಾಲೇಜಿಗೆ ವಾಪಸ್ ಹೋಗಿದ್ದ. ಯೋಚನೆ ಸರಿಯಾಗಿಯೇ ಇತ್ತು. ಆದ್ರೆ ವರ್ಚುವಲ್ ಮಷಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಆಗ ನನ್ನನ್ನು ಕರೆದರು.

ಯಜಮಾನರ ಮೊದಲ ಪ್ರಶ್ನೆ: "ಎಕ್ಸ್‌ಪಿನೇ ನೇರವಾಗಿ ಇದಕ್ಕೆ ಹಾಕಿಬಿಡಿ ಸಾರ್, ನಡುವೆ ಇದೆಲ್ಲ ಯಾಕೆ?" ಆಗುವುದಿಲ್ಲ. ಎಕ್ಸ್‌ಪಿ 2001ರದು. ಈ ಬೋರ್ಡ್‌ಗೂ ಎನ್‌ವಿಎಂಇ ಡಿಸ್ಕಿಗೂ ಅದರಲ್ಲಿ ಡ್ರೈವರ್ ಇಲ್ಲ, ಯುಇಎಫ್‌ಐ (ಹೊಸ ಯಂತ್ರಗಳನ್ನು ಎಬ್ಬಿಸುವ ಫರ್ಮ್‌ವೇರ್) ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ. ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲೇ ಓಡಿಸುವ ವೈನ್‌ನಲ್ಲಿ ಪೇಜ್‌ಮೇಕರ್ ಒಂದನ್ನೇ ಓಡಿಸಿದರೆ? ಪೇಜ್‌ಮೇಕರ್ ಹೇಗೋ ಓಡಬಹುದು. ಆದ್ರೆ ಡಾಂಗಲ್‌ನ ಡ್ರೈವರ್ ವಿಂಡೋಸ್ ಕರ್ನಲ್ (ಓಎಸ್‌ನ ತಿರುಳು) ಒಳಗೆ ಕೂರುವಂಥದ್ದು, ವೈನ್ ಅಂಥದ್ದನ್ನು ಹೊರುವುದಿಲ್ಲ. ಲಿಬ್ರೆಆಫೀಸ್ 4.4ರಿಂದ ಈಚೆಗೆ ಪೇಜ್‌ಮೇಕರ್ ಫೈಲ್ ತೆರೆಯುತ್ತದೆ ನಿಜ, ಆದ್ರೆ ಲೇಔಟ್ ಅತ್ತಿತ್ತ ಜರುಗಿರುತ್ತದೆ. ಜೊತೆಗೆ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚೂರುಗಳು. ಆ ಫಾಂಟ್ ಇಲ್ಲದೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಸಾವಿರಾರು ಹಳೆಯ ಫೈಲ್‌ಗಳು ಹೀಗೇ ಇರುವಾಗ ಹಳೆಯ ಯಂತ್ರವನ್ನು ಇದ್ದಹಾಗೇ ಎತ್ತಿ ಹೊಸದರೊಳಗೆ ಇಡುವುದೊಂದೇ ದಾರಿ.

ವರ್ಚುವಲ್‌ಬಾಕ್ಸ್ ಯಾಕೆ ನಿಂತಿತ್ತು

ಇಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ಅದಕ್ಕೇ ಹುಡುಗನಿಗೆ ದಾರಿ ಕಂಡಿರಲಿಲ್ಲ.

ಮೊದಲನೆಯದು ಸೆಕ್ಯೂರ್ ಬೂಟ್, ಅಂದರೆ ಯಂತ್ರ ಏಳುವಾಗ ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ವ್ಯವಸ್ಥೆ. ವರ್ಚುವಲ್‌ಬಾಕ್ಸ್‌ನ ಕರ್ನಲ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ತುಂಡು) ಲಿನಕ್ಸ್ ಕರ್ನಲ್ ಜೊತೆಗೆ ಬರುವುದಿಲ್ಲ. ಡಿಕೆಎಂಎಸ್ ಅನ್ನುವ ವ್ಯವಸ್ಥೆ ಅದನ್ನು ನಿಮ್ಮ ಯಂತ್ರದಲ್ಲೇ ಕಟ್ಟುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಹಾಗಾಗಿ ಉಬುಂಟು ಒಂದು ಕೀಲಿ ತಯಾರಿಸಿ ಅದರಿಂದ ಸಹಿ ಹಾಕುತ್ತದೆ, ಇನ್‌ಸ್ಟಾಲ್ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಬೂಟ್ ಮಾಡಿದಾಗ ಉಬುಂಟು ಏಳುವ ಮೊದಲೇ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' (ಯಂತ್ರದ ಮಾಲೀಕರ ಕೀಲಿ ನೋಂದಾಯಿಸು) ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಆ ಕೀಲಿಗೆ ಬೆಲೆ. ಕೆಲವೇ ಸೆಕೆಂಡ್ ಕಾಯುತ್ತದೆ. ಯಾರೂ ಮುಟ್ಟದಿದ್ದರೆ ಏನೂ ಆಗಿಲ್ಲ ಅನ್ನುವ ಹಾಗೆ ಉಬುಂಟು ಶುರುವಾಗುತ್ತದೆ. ಇಲ್ಲಿ ಆಗಿದ್ದು ಅದೇ. ಮಾಡ್ಯೂಲನ್ನು ಕೈಯಾರೆ ಲೋಡ್ ಮಾಡಲು ಹೋದರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂತ ಉತ್ತರ.

ಎರಡನೆಯದು ಅದಕ್ಕಿಂತ ಕೆಳಗಿತ್ತು. ಸಿಪಿಯು ಚೆಕರ್ ಅನ್ನುವ ಪ್ಯಾಕೇಜ್ ಹಾಕಿ 'ಕೆವಿಎಂ-ಓಕೆ' ಓಡಿಸಿದೆ. ಕೆವಿಎಂ (ಲಿನಕ್ಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆ) ನಿಮ್ಮ ಬಯೋಸ್‌ನಲ್ಲಿ ಆಫ್ ಆಗಿದೆ ಅಂತ ಬಂತು. ಅಂದರೆ ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಇದೆ, ಬೋರ್ಡ್ ಅದನ್ನು ಮುಚ್ಚಿಟ್ಟಿದೆ. ಕೀಲಿ ಎನ್‌ರೋಲ್ ಆಗಿದ್ದರೂ ಹುಡುಗ ಇಲ್ಲಿ ಬಂದು ಮತ್ತೆ ನಿಲ್ಲುತ್ತಿದ್ದ. ಯಾವುದೇ ಹೈಪರ್‌ವೈಸರ್ (ವರ್ಚುವಲ್ ಮಷಿನ್ ಓಡಿಸುವ ಸಾಫ್ಟ್‌ವೇರ್) ಹಾಕುವ ಮೊದಲು ಓಡಿಸಬೇಕಾದ ಕಮಾಂಡ್ ಇದು. ಸುಮ್ನೆ ಒಂದು ಸಾಲಿನ ಉತ್ತರ ಕೊಡುತ್ತದೆ, ಆದ್ರೆ ಜಾಸ್ತಿ ಜನ ಎಲ್ಲ ಮುಗಿಸಿ ಕೆಟ್ಟಮೇಲೆ ಇದನ್ನು ಓಡಿಸುತ್ತಾರೆ.

ಎಎಂಡಿ ಬೋರ್ಡ್‌ಗಳಲ್ಲಿ ಈ ಆಯ್ಕೆಯ ಹೆಸರು ಎಸ್‌ವಿಎಂ ಮೋಡ್. ಇಂಟೆಲ್ ಆದರೆ ವಿಟಿ-ಎಕ್ಸ್ ಅಥವಾ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ ಅಂತ ಇರುತ್ತದೆ. ಎಎಂಡಿಯಲ್ಲಿ ಅದು ಅಡಗಿರುವ ಜಾಗ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಕೆಲವಲ್ಲಿ ಅಡ್ವಾನ್ಸ್ಡ್ ಒಳಗಿನ ಸಿಪಿಯು ಕಾನ್ಫಿಗರೇಶನ್, ಕೆಲವಲ್ಲಿ ಓವರ್‌ಕ್ಲಾಕಿಂಗ್ ಪುಟದ ಒಳಗೆ. ಓವರ್‌ಕ್ಲಾಕಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಇಲ್ಲಿ ಅಲ್ಲೇ ಇತ್ತು, ಆನ್ ಮಾಡಿ ಸೇವ್ ಮಾಡಿದೆ. ಮತ್ತೆ ಕೆವಿಎಂ-ಓಕೆ ಓಡಿಸಿದಾಗ 'ಕೆವಿಎಂ ಬಳಸಬಹುದು' ಅಂತ ಬಂತು.

ವರ್ಚುವಲ್‌ಬಾಕ್ಸ್ ಬಿಟ್ಟು ಕೆವಿಎಂ ಯಾಕೆ

ಇಲ್ಲಿಗೆ ಎಂಒಕೆ ಕೀಲಿ ಎನ್‌ರೋಲ್ ಮಾಡಿ ವರ್ಚುವಲ್‌ಬಾಕ್ಸ್‌ನಲ್ಲೇ ಮುಂದುವರಿಯಬಹುದಿತ್ತು. ನಾನು ಅದನ್ನು ತೆಗೆದುಹಾಕಿದೆ. ವರ್ಚುವಲ್‌ಬಾಕ್ಸ್ ಮೇಲೆ ನನಗೇನೂ ಕೋಪವಿಲ್ಲ. ಒಂದು ಡಿಸ್ಟ್ರೋ ಹಾಕಿ ನೋಡಿ ಅಳಿಸುವುದಕ್ಕೆ ಅದು ಚೆನ್ನಾಗಿದೆ, ವಿಂಡೋಸ್ ಮೇಲೂ ಓಡುತ್ತದೆ. ಆದ್ರೆ ಪ್ರೆಸ್‌ನಲ್ಲಿ ಉಬುಂಟು ನೋಡಿಕೊಳ್ಳಲು ಯಾರೂ ಇಲ್ಲ. ಅಪ್‌ಡೇಟ್ ತಾನಾಗಿಯೇ ಆಗುತ್ತದೆ, ಹೊಸ ಕರ್ನಲ್ ಬರುತ್ತದೆ, ಪ್ರತಿ ಸಲವೂ ಆ ಹೊರಗಿನ ಮಾಡ್ಯೂಲ್ ಮತ್ತೆ ಕಟ್ಟಿಕೊಳ್ಳಬೇಕು. ಯಾವುದೋ ಒಂದು ದಿನ ಕಟ್ಟಿಕೊಳ್ಳುವುದಿಲ್ಲ. ಆ ದಿನ ನಾಳೆಯ ಮದುವೆಯ ಕಾರ್ಡು ಬಾಕಿ ಇರುತ್ತದೆ.

ಕೆವಿಎಂ ಕರ್ನಲ್‌ನ ಒಳಗಿನದೇ. ಅವಿ ಕಿವಿಟಿ ಎಂಬವರು ಕ್ಯುಮ್ರಾನೆಟ್ ಎಂಬ ಇಸ್ರೇಲಿ ಕಂಪನಿಯಲ್ಲಿ ಬರೆದದ್ದು, 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಸೇರಿತು. ಮರುವರ್ಷ ಆ ಕಂಪನಿಯನ್ನು ರೆಡ್ ಹ್ಯಾಟ್ ಕೊಂಡುಕೊಂಡಿತು. ಉಬುಂಟು ಕರ್ನಲ್ ಜೊತೆಗೇ ಕೆವಿಎಂ ಮಾಡ್ಯೂಲ್ ಬರುತ್ತದೆ, ಉಬುಂಟು ತಯಾರಿಸುವ ಕೆನಾನಿಕಲ್‌ನ ಸಹಿಯೊಂದಿಗೇ ಬರುತ್ತದೆ. ಹಾಗಾಗಿ ಸೆಕ್ಯೂರ್ ಬೂಟ್ ಆಫ್ ಮಾಡುವ ಪ್ರಶ್ನೆಯೇ ಇಲ್ಲ, ನೀಲಿ ಪರದೆಯೂ ಇಲ್ಲ. "ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ" ಅನ್ನುವುದು ಎಲ್ಲರೂ ಕೊಡುವ ಸುಲಭದ ಸಲಹೆ. ಅದರ ಅಗತ್ಯವೇ ಬೀಳದ ದಾರಿ ಇರುವಾಗ ಯಾಕೆ ಮಾಡಬೇಕು?

ಎರಡನ್ನೂ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಒಂದು ಮಾತು. ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿದುಕೊಳ್ಳಬಹುದು. ಮೊದಲೆಲ್ಲ ಕೆವಿಎಂ ತನ್ನ ವರ್ಚುವಲ್ ಮಷಿನ್ ಓಡುವಾಗ ಮಾತ್ರ ಹಿಡಿಯುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ ಕರ್ನಲ್ 6.12ರಿಂದ ಮಾಡ್ಯೂಲ್ ಲೋಡ್ ಆದ ತಕ್ಷಣವೇ ಹಿಡಿದುಕೊಳ್ಳುತ್ತದೆ. ಆಮೇಲೆ ವರ್ಚುವಲ್‌ಬಾಕ್ಸ್ ಬಂದು ಕೇಳಿದರೆ ಇನ್ನೊಂದು ಹೈಪರ್‌ವೈಸರ್ ಬಳಸುತ್ತಿದೆ ಅನ್ನುವ ಎರರ್. ನಿನ್ನೆವರೆಗೆ ಓಡುತ್ತಿದ್ದದ್ದು ಇವತ್ತು ನಿಂತಿತು ಅಂತ ತಲೆ ಕೆಡಿಸಿಕೊಂಡವರಲ್ಲಿ ಬಹಳ ಜನರ ಕಥೆ ಇದು. ಕರ್ನಲ್‌ಗೆ ಒಂದು ಪ್ಯಾರಾಮೀಟರ್ ಕೊಟ್ಟು ಹಳೆಯ ನಡವಳಿಕೆಗೆ ಮರಳಬಹುದು. ಒಂದನ್ನೇ ಇಟ್ಟುಕೊಂಡರೆ ಆ ತಂಟೆಯೂ ಇಲ್ಲ.

ಇನ್‌ಸ್ಟಾಲ್ ಅಂತ ಹೇಳುವಂಥದ್ದು ಆಮೇಲೆ ಬಹಳ ಇರಲಿಲ್ಲ. ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್‌ನಿಂದ ಕ್ಯೂಎಮು, ಲಿಬ್‌ವರ್ಟ್‌ನ ಡೀಮನ್ ಮತ್ತು ಕ್ಲೈಂಟ್ ಪ್ಯಾಕೇಜ್‌ಗಳು, ವರ್ಟ್-ಮ್ಯಾನೇಜರ್. ಕೆವಿಎಂ ಪ್ರೊಸೆಸರ್‌ನ ಕೆಲಸ ನೋಡಿಕೊಳ್ಳುತ್ತದೆ, ಡಿಸ್ಕು, ನೆಟ್‌ವರ್ಕ್ ಕಾರ್ಡು, ಪರದೆ ಇವುಗಳ ವೇಷ ಹಾಕುವುದು ಕ್ಯೂಎಮು, ಇಬ್ಬರನ್ನೂ ನಡೆಸುವುದು ಲಿಬ್‌ವರ್ಟ್, ನಮಗೆ ಕಾಣುವ ಕಿಟಕಿ ವರ್ಟ್-ಮ್ಯಾನೇಜರ್. ಬಳಸುವವರು ಲಿಬ್‌ವರ್ಟ್ ಗುಂಪಿನಲ್ಲಿ ಇರಬೇಕು, ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಮಾಡಿ ಒಳಗೆ ಬರಬೇಕು. ಇದನ್ನು ಮರೆತರೆ ವರ್ಟ್-ಮ್ಯಾನೇಜರ್ ಕನೆಕ್ಟ್ ಆಗುವುದಿಲ್ಲ ಅಂತ ಹಟ ಹಿಡಿಯುತ್ತದೆ. ಇನ್ನೊಂದು, ಟರ್ಮಿನಲ್‌ನಲ್ಲಿ ವರ್ಶ್ ಕಮಾಂಡ್‌ನಿಂದ ಮಷಿನ್‌ಗಳ ಪಟ್ಟಿ ಕೇಳಿದರೆ ಖಾಲಿ ಬರುತ್ತದೆ. ಗಾಬರಿಯಾಗಬೇಡಿ. ಮಾಮೂಲಿ ಯೂಸರ್ ಆಗಿ ಕೇಳಿದರೆ ಅದು 'ಸೆಶನ್' ಕನೆಕ್ಷನ್ ನೋಡುತ್ತದೆ, ವರ್ಟ್-ಮ್ಯಾನೇಜರ್ ಮಾಡಿದ ಮಷಿನ್‌ಗಳು 'ಸಿಸ್ಟಮ್' ಕನೆಕ್ಷನ್‌ನಲ್ಲಿ ಇರುತ್ತವೆ.

ಹಳೆಯ ಡಿಸ್ಕನ್ನು ಎತ್ತುವುದು

ನಿಜವಾದ ಕೆಲಸ ಇಲ್ಲಿತ್ತು. ಹೈಪರ್‌ವೈಸರ್ ಹಾಕುವುದಕ್ಕಿಂತ ಹತ್ತು ಪಟ್ಟು ತಾಳ್ಮೆ ಇದಕ್ಕೆ ಬೇಕು.

ಡಿಸ್ಕನ್ನು ಸಾಟಾದಿಂದ ಯುಎಸ್‌ಬಿಗೆ ಮಾಡುವ ಅಡಾಪ್ಟರ್ ಮೂಲಕ ಚುಚ್ಚಿದೆ. ಚುಚ್ಚುವ ಮೊದಲು ಉಬುಂಟು ತಾನಾಗಿಯೇ ಡ್ರೈವ್‌ಗಳನ್ನು ಮೌಂಟ್ ಮಾಡುವುದನ್ನು ಆಫ್ ಮಾಡಿದೆ. ಸಾಯುವ ಹಾದಿಯಲ್ಲಿರಬಹುದಾದ ಡಿಸ್ಕಿನ ಮೇಲೆ ಯಾರೂ ಏನೂ ಬರೆಯಬಾರದು. ಆಮೇಲೆ ಡಿಡಿರೆಸ್ಕ್ಯೂ. ಮಾಮೂಲಿ ಡಿಡಿ ಕಮಾಂಡ್ ಓದಲಾಗದ ಜಾಗ ಸಿಕ್ಕರೆ ಅಲ್ಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ, ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಂಡು, ಕೊನೆಗೆ ಅಲ್ಲಿಗೆ ಮಾತ್ರ ಮತ್ತೆ ಮತ್ತೆ ಹೋಗುತ್ತದೆ. ನಡುವೆ ಕರೆಂಟ್ ಹೋದರೂ ಆ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಶುರು. ಇಲ್ಲಿ ಕರೆಂಟ್ ಹೋಯಿತು ಕೂಡ. ಕೊನೆಗೆ ಓದಲು ಬಾರದೆ ಉಳಿದದ್ದು ಕೆಲವೇ ಸೆಕ್ಟರ್‌ಗಳು.

ಕೈಗೆ ಸಿಕ್ಕಿದ್ದು ಸುಮಾರು 74.5 ಜಿಬಿಯ ಒಂದೇ ಫೈಲ್, ಇಡೀ ಡಿಸ್ಕಿನ ಪಡಿಯಚ್ಚು (ಇಮೇಜ್). 80 ಅಂತ ಬರೆದಿರುವ ಡಿಸ್ಕ್ ಕಂಪ್ಯೂಟರ್ ಲೆಕ್ಕದಲ್ಲಿ ಅಷ್ಟೇ ಆಗುತ್ತದೆ. ಈ ಫೈಲನ್ನು ಓದಲು ಮಾತ್ರ ಬರುವ ಹಾಗೆ ಮಾಡಿ, ಲಿಬ್‌ವರ್ಟ್‌ನ ಇಮೇಜ್ ಫೋಲ್ಡರ್‌ಗೆ ಹಾಕಿದೆ. ಹೋಮ್ ಫೋಲ್ಡರ್‌ನಲ್ಲಿ ಇಟ್ಟರೆ ವರ್ಚುವಲ್ ಮಷಿನ್ 'ಪರ್ಮಿಶನ್ ಡಿನೈಡ್' ಅನ್ನುತ್ತದೆ, ಯಾಕೆಂದರೆ ಅದನ್ನು ಓಡಿಸುವ ಯೂಸರ್ ಬೇರೆ, ಅವನಿಗೆ ನಿಮ್ಮ ಹೋಮ್ ಒಳಗೆ ಕಾಲಿಡಲು ಉಬುಂಟು ಬಿಡುವುದಿಲ್ಲ.

ಈಗ ಒಂದು ಉಪಾಯ, ಇದು ನನಗೆ ತುಂಬಾ ಇಷ್ಟ. ಆ ಮೂಲ ಇಮೇಜನ್ನು ಮುಟ್ಟಲಿಲ್ಲ. ಅದರ ಮೇಲೆ ಕ್ಯೂಕೌ2 (ಕ್ಯೂಎಮುವಿನದೇ ಡಿಸ್ಕ್ ಫೈಲ್) ರೂಪದ ಒಂದು ಖಾಲಿ ಫೈಲ್ ಮಾಡಿ, 'ನಿನ್ನ ಹಿಂದೆ ಇರುವುದು ಆ ಇಮೇಜ್, ಅದರ ರೂಪ ರಾ (ಡಿಸ್ಕಿನ ನೇರ ನಕಲು)' ಅಂತ ಕ್ಯೂಎಮು-ಇಮ್‌ಜಿ ಅನ್ನುವ ಕಮಾಂಡ್‌ಗೆ ಹೇಳಿದೆ. ಓದುವುದೆಲ್ಲ ಹಿಂದಿನದರಿಂದ, ಬರೆಯುವುದೆಲ್ಲ ಮೇಲಿನದಕ್ಕೆ. ಎಕ್ಸ್‌ಪಿಯೊಳಗೆ ಏನೇ ಕೆಡಿಸಿಕೊಂಡರೂ ಮೇಲಿನ ಫೈಲ್ ಅಳಿಸಿ ಇನ್ನೊಂದು ಮಾಡಿದರೆ ಮತ್ತೆ ಮೊದಲಿನ ಸ್ಥಿತಿ. ಹಳೆಯ ವಿಂಡೋಸ್ ಎಬ್ಬಿಸುವಾಗ ಇಂಥ ಧೈರ್ಯ ಬೇಕೇ ಬೇಕು.

ನೀಲಿ ಪರದೆಗಳು

ವರ್ಟ್-ಮ್ಯಾನೇಜರ್‌ನಲ್ಲಿ 'ಇರುವ ಡಿಸ್ಕ್ ಇಮೇಜ್ ತೆಗೆದುಕೋ' ಅನ್ನುವ ಆಯ್ಕೆ. ಓಎಸ್ ಹೆಸರು ಕೇಳಿದಾಗ ಎಕ್ಸ್‌ಪಿ ಪಟ್ಟಿಯಲ್ಲೇ ಇರುವುದಿಲ್ಲ, ಆಯುಸ್ಸು ಮುಗಿದ ಓಎಸ್‌ಗಳನ್ನೂ ತೋರಿಸು ಅನ್ನುವ ಸಣ್ಣ ಚೌಕಕ್ಕೆ ಟಿಕ್ ಹಾಕಿದರೆ ಬರುತ್ತದೆ. ಮುಗಿಸುವ ಮೊದಲು ಸೆಟ್ಟಿಂಗ್ ನೋಡುವ ಟಿಕ್ ಕೂಡ ಹಾಕಬೇಕು. ಚಿಪ್‌ಸೆಟ್ ಅಲ್ಲಿ ಮಾತ್ರ ಬದಲಾಯಿಸಲು ಸಿಗುತ್ತದೆ. ಐ440ಎಫ್‌ಎಕ್ಸ್ ಇರಬೇಕು, ಕ್ಯೂ35 ಅಲ್ಲ. ಕ್ಯೂ35ರಲ್ಲಿ ಡಿಸ್ಕ್ ಎಎಚ್‌ಸಿಐ (ಸಾಟಾ ಡಿಸ್ಕ್‌ಗಳ ಹೊಸ ಬಗೆಯ ಸಂಪರ್ಕ) ಮೂಲಕ ಬರುತ್ತದೆ, ಅದರ ಡ್ರೈವರ್ ಎಕ್ಸ್‌ಪಿಯಲ್ಲಿ ಇಲ್ಲ. ಫರ್ಮ್‌ವೇರ್ ಹಳೆಯ ಬಯೋಸ್, ಡಿಸ್ಕ್ ಹಳೆಯ ಬಗೆಯ ಐಡಿಇ, ನೆಟ್‌ವರ್ಕ್ ಕಾರ್ಡ್ ಆರ್‌ಟಿಎಲ್8139, 2 ಕೋರ್, 2 ಜಿಬಿ ರ‍್ಯಾಮ್. ವರ್ಚುವಲ್ ಮಷಿನ್‌ಗಳಿಗೆಂದೇ ಮಾಡಿದ ವರ್ಟ್‌ಐಓ ಡಿಸ್ಕಿಗೆ ವೇಗ ಜಾಸ್ತಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಿಜ, ಆದ್ರೆ ಎಕ್ಸ್‌ಪಿ ಏಳುವ ಮೊದಲೇ ವರ್ಟ್‌ಐಓ ಕೊಟ್ಟರೆ ಅದು ಡಿಸ್ಕನ್ನೇ ಕಾಣುವುದಿಲ್ಲ. ಮತ್ತೆ ಐಡಿಇಯಲ್ಲೇ ಆ ಎನ್‌ವಿಎಂಇ ಮೇಲೆ ಹಳೆಯ ಡಿಸ್ಕಿಗಿಂತ ಎಷ್ಟೋ ವೇಗ ಸಿಗುತ್ತದೆ. ಸಾಕಲ್ವಾ?

ಇಷ್ಟಾದರೂ ಮೊದಲ ಬೂಟ್‌ಗೆ ನೀಲಿ ಪರದೆ, ಈ ಸಲ ಕುಸಿದುಬಿದ್ದ ವಿಂಡೋಸ್ ತೋರಿಸುವಂಥದ್ದು. 0x0000007ಬಿ. ಬೂಟ್ ಆಗಬೇಕಾದ ಡಿಸ್ಕ್ ಕೈಗೆ ಸಿಗುತ್ತಿಲ್ಲ ಅಂತ ಅರ್ಥ. ಎಕ್ಸ್‌ಪಿ ಯಾವ ಐಡಿಇ ಕಂಟ್ರೋಲರ್ ಮೇಲೆ ಇನ್‌ಸ್ಟಾಲ್ ಆಗಿತ್ತೋ ಅದನ್ನೇ ಹುಡುಕುತ್ತದೆ. ಕ್ಯೂಎಮು ಕೊಡುವುದು ಪಿಐಐಎಕ್ಸ್3 ಅನ್ನುವ ಇನ್ನೂ ಹಳೆಯ ಇಂಟೆಲ್ ಕಂಟ್ರೋಲರ್. ಡ್ರೈವರ್ ಫೈಲ್ ಡಿಸ್ಕಿನಲ್ಲೇ ಇದೆ, ಆದ್ರೆ ಈ ನಂಬರಿನ ಕಂಟ್ರೋಲರ್ ಬಂದರೆ ಆ ಡ್ರೈವರ್ ಎತ್ತಿಕೋ ಅಂತ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಬರೆದಿಲ್ಲ. ಹಳೆಯ ಯಂತ್ರ ಬದುಕಿದ್ದರೆ ಅದರಲ್ಲೇ ಕೂತು ಆ ಸಾಲುಗಳನ್ನು ಸೇರಿಸಿ ಆಮೇಲೆ ಡಿಸ್ಕ್ ಎತ್ತಬಹುದಿತ್ತು. ಇಲ್ಲಿ ಆ ಅವಕಾಶ ಇಲ್ಲ.

ಹೊರಗಿನಿಂದಲೇ ಸೇರಿಸಬೇಕು. ವರ್ಚುವಲ್ ಮಷಿನ್‌ನ ಡಿಸ್ಕನ್ನು ಹೊರಗಿನಿಂದ ತಿದ್ದುವ ಲಿಬ್‌ಗೆಸ್ಟ್‌ಎಫ್‌ಎಸ್ ಬಳಗದ ವರ್ಟ್-ವಿನ್-ರೆಜ್ ಇದಕ್ಕೆಂದೇ ಇದೆ. ಮಷಿನ್ ಆಫ್ ಇದ್ದಾಗ ಅದರ ರಿಜಿಸ್ಟ್ರಿಗೆ ಒಂದು ಪಠ್ಯ ಫೈಲ್‌ನಿಂದ ಸಾಲುಗಳನ್ನು ಸೇರಿಸುತ್ತದೆ. ಸೇರಿಸಿದ್ದು 'ಕ್ರಿಟಿಕಲ್ ಡಿವೈಸ್ ಡೇಟಾಬೇಸ್' ಅನ್ನುವ ಕೀ ಕೆಳಗೆ, ವೆಂಡರ್ 8086, ಡಿವೈಸ್ 7010ಕ್ಕೆ ಇಂಟೆಲ್‌ಐಡಿಇ ಸರ್ವಿಸ್. ಜೊತೆಗೆ ಎಟಾಪಿ, ಇಂಟೆಲ್‌ಐಡಿಇ ಎರಡರ ಸ್ಟಾರ್ಟ್ ಬೆಲೆ 0. ಇಲ್ಲಿ ಇಬ್ಬರು ಮೂವರು ಎಡವುವ ಒಂದು ಜಾಗ ಇದೆ. ಎಲ್ಲ ಸೂಚನೆಗಳಲ್ಲೂ 'ಕರೆಂಟ್ ಕಂಟ್ರೋಲ್ ಸೆಟ್' ಅಂತ ಬರೆದಿರುತ್ತದೆ. ವಿಂಡೋಸ್ ಓಡದೇ ಇರುವಾಗ ಆ ಕೀ ಇರುವುದೇ ಇಲ್ಲ, ಅದು ಬೂಟ್ ಆಗುವಾಗ ಹುಟ್ಟುವ ಅಡ್ಡಹೆಸರು. 'ಕಂಟ್ರೋಲ್ ಸೆಟ್ 001' ಅಂತ ಬರೆಯಬೇಕು. ಇನ್ನೊಂದು, ಉಬುಂಟುವಿನಲ್ಲಿ ಈ ಸಲಕರಣೆಗಳನ್ನು ಸುಡೋ (ರೂಟ್, ಅಂದರೆ ಮೇಲ್ವಿಚಾರಕನ ಅಧಿಕಾರ) ಇಲ್ಲದೆ ಓಡಿಸಿದರೆ ಅರ್ಥವಾಗದ ಎರರ್ ಬರುತ್ತದೆ. ಬೂಟ್ ಫೋಲ್ಡರ್‌ನ ಕರ್ನಲ್ ಫೈಲನ್ನು ರೂಟ್ ಬಿಟ್ಟು ಬೇರೆಯವರು ಓದಲು ಉಬುಂಟು ಬಿಡುವುದಿಲ್ಲ, ಲಿಬ್‌ಗೆಸ್ಟ್‌ಎಫ್‌ಎಸ್‌ಗೆ ಅದೇ ಫೈಲ್ ಬೇಕು.

ಮತ್ತೆ ಬೂಟ್. 7ಬಿ ಹೋಯಿತು, ವಿಂಡೋಸ್‌ನ ಲೋಗೋ ಬಂತು, ಯಜಮಾನರು ಎದ್ದು ನಿಂತರು, ಮತ್ತೆ ನೀಲಿ. ಈ ಸಲ 0x0000007ಇ, ಕೆಳಗೆ ಇಂಟೆಲ್‌ಪಿಪಿಎಂ ಅನ್ನುವ ಫೈಲಿನ ಹೆಸರು. ಇದು ಇಂಟೆಲ್ ಪ್ರೊಸೆಸರ್‌ನ ಪವರ್ ನೋಡಿಕೊಳ್ಳುವ ಡ್ರೈವರ್. ಹಳೆಯ ಯಂತ್ರ ಇಂಟೆಲ್, ಹೊಸದು ಎಎಂಡಿ, ವರ್ಚುವಲ್ ಮಷಿನ್‌ಗೆ ನಾನು ಕೊಟ್ಟಿದ್ದು ಇದ್ದ ಪ್ರೊಸೆಸರನ್ನೇ. ಇಂಟೆಲ್ ಯಂತ್ರದ ಎಕ್ಸ್‌ಪಿಯನ್ನು ಎಎಂಡಿಗೆ ಸಾಗಿಸಿದಾಗ ಹೀಗಾಗುವುದು ಹಳೆಯ ಕಾಯಿಲೆ. ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋದರೆ ಆ ಡ್ರೈವರ್ ಲೋಡ್ ಆಗುವುದಿಲ್ಲ, ಎಕ್ಸ್‌ಪಿ ಏಳುತ್ತದೆ. ಅಲ್ಲಿಂದ ಆ ಸರ್ವಿಸನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್. ಚೆಕ್‌ಡಿಸ್ಕ್ ಒಂದಷ್ಟು ಹೊತ್ತು ಓಡಿ, ಆಮೇಲೆ ಡೆಸ್ಕ್‌ಟಾಪ್ ಬಂತು. ಹಿನ್ನೆಲೆಯಲ್ಲಿ ಅದೇ ದೇವರ ಫೋಟೋ, ಎಡಗಡೆ ಅದೇ ಐಕಾನ್‌ಗಳ ಸಾಲು.

ಪ್ರೆಸ್‌ನಲ್ಲಿ ಡಿಟಿಪಿ (ಟೈಪಿಂಗ್, ಪುಟ ಜೋಡಣೆ) ಮಾಡುವ ಅಕ್ಕ ಬಂದು ಸ್ಟಾರ್ಟ್ ಮೆನು ಒತ್ತಿ, ಪೇಜ್‌ಮೇಕರ್ ತೆಗೆದು, ನಿಲ್ಲಿಸಿಹೋಗಿದ್ದ ಲಗ್ನಪತ್ರಿಕೆ ತೆರೆದರು. "ಸಾರ್, ಇದು ಹಳೇದಕ್ಕಿಂತ ಬೇಗ ಬಿಚ್ಕೊಳ್ತು" ಅಂದರು. ಬೇರೆ ಯಾವ ಬೆಂಚ್‌ಮಾರ್ಕೂ ನಾನು ಓಡಿಸಲಿಲ್ಲ.

ಲೈಸೆನ್ಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಾರ್ಡ್‌ವೇರ್ ಇಷ್ಟು ಬದಲಾದರೆ ಎಕ್ಸ್‌ಪಿ ಮತ್ತೆ ಆಕ್ಟಿವೇಟ್ ಮಾಡಿ ಅನ್ನುತ್ತದೆ. ಇವರ ಹತ್ತಿರ ಅಂಗಡಿಯಲ್ಲಿ ಕೊಂಡ ರಿಟೇಲ್ ಡಬ್ಬಿ ಇತ್ತು, ಅದನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಯಂತ್ರದ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆಗಿದ್ದರೆ ಅದು ಆ ಯಂತ್ರಕ್ಕೇ ಅಂಟಿಕೊಂಡದ್ದು. ನಿಮ್ಮದು ಯಾವುದು ಅಂತ ಡಿಸ್ಕ್ ಎತ್ತುವ ಮೊದಲೇ ನೋಡಿಕೊಳ್ಳಿ.

ಡಾಂಗಲ್, ಪ್ರಿಂಟರ್, ಫೋಟೋ

ಡಾಂಗಲ್ ಸುಲಭವಾಗಿ ಬಗೆಹರಿಯಿತು. ಯುಎಸ್‌ಬಿ ಪಟ್ಟಿಯಲ್ಲಿ ಅದರ ಐಡಿ ನೋಡಿ, ವರ್ಟ್-ಮ್ಯಾನೇಜರ್‌ನಲ್ಲಿ 'ಯುಎಸ್‌ಬಿ ಹೋಸ್ಟ್ ಡಿವೈಸ್' ಅಂತ ಸೇರಿಸಿದರೆ ಲಿನಕ್ಸ್ ಅದನ್ನು ಕೈಬಿಟ್ಟು ಎಕ್ಸ್‌ಪಿಗೆ ಕೊಡುತ್ತದೆ. ಯುಎಸ್‌ಬಿ ಕಂಟ್ರೋಲರ್ 2.0 ಇರಬೇಕು, 3.0ಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ. ಒಂದು ಕಿರಿಕಿರಿ ಮಾತ್ರ ಇತ್ತು. ಡಾಂಗಲ್ ಚುಚ್ಚದೆ ಮಷಿನ್ ಸ್ಟಾರ್ಟ್ ಮಾಡಿದರೆ 'ಆ ಡಿವೈಸ್ ಸಿಗುತ್ತಿಲ್ಲ' ಅಂತ ಮಷಿನ್ನೇ ಏಳುವುದಿಲ್ಲ. ಮಷಿನ್‌ನ ಸೆಟ್ಟಿಂಗ್ ಬರೆದಿರುವ ಎಕ್ಸ್‌ಎಂಎಲ್‌ನಲ್ಲಿ ಆ ಡಿವೈಸ್‌ನ ಸ್ಟಾರ್ಟಪ್ ಪಾಲಿಸಿಯನ್ನು 'ಆಪ್ಶನಲ್' ಅಂತ ಬದಲಾಯಿಸಿದೆ, ಇದ್ದರೆ ಸೇರುತ್ತದೆ, ಇಲ್ಲದಿದ್ದರೂ ಎಕ್ಸ್‌ಪಿ ಏಳುತ್ತದೆ.

ನೆಟ್‌ವರ್ಕ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ನಿಲ್ಲಿಸಿದೆ. ಅಂಥದ್ದನ್ನು ಇಂಟರ್ನೆಟ್‌ಗೆ ಬಿಡುವುದು ಬೇಡ. ಲಿಬ್‌ವರ್ಟ್ ತಾನಾಗಿ ಕೊಡುವ ಡೀಫಾಲ್ಟ್ ನೆಟ್‌ವರ್ಕ್ ಹೊರಗೆ ದಾರಿ ಬಿಡುತ್ತದೆ. ಹಾಗಾಗಿ 'ಐಸೊಲೇಟೆಡ್' ಬಗೆಯ ಇನ್ನೊಂದು ನೆಟ್‌ವರ್ಕ್ ಮಾಡಿದೆ. ಅದರಲ್ಲಿ ಎಕ್ಸ್‌ಪಿ ಮತ್ತು ಉಬುಂಟು ಇಬ್ಬರೇ ಮಾತಾಡಬಹುದು, ಅಂಗಡಿಯ ವೈಫೈ ಕೂಡ ಎಕ್ಸ್‌ಪಿಗೆ ಕಾಣುವುದಿಲ್ಲ. ಪೆನ್‌ಡ್ರೈವ್‌ಗಳಿಗೂ ಉಬುಂಟುವೇ ಬಾಗಿಲು. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಲ್ಲಿ ಏನೇನಿರುತ್ತದೆ ಅಂತ ಪ್ರೆಸ್‌ನವರನ್ನು ಕೇಳಿ ನೋಡಿ!

ಆ ನೆಟ್‌ವರ್ಕ್ ಮೇಲೆಯೇ ಪ್ರಿಂಟರ್. ಪ್ರಿಂಟರ್ ಉಬುಂಟುವಿಗೆ ಸೇರಿದೆ, ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್‌ನಲ್ಲಿ ಶೇರಿಂಗ್ ಆನ್ ಮಾಡಿದೆ. ಎಕ್ಸ್‌ಪಿಗೆ ಇಂಟರ್ನೆಟ್ ಪ್ರಿಂಟರ್ ಸೇರಿಸಲು ಬರುತ್ತದೆ, ಉಬುಂಟುವಿನ ವಿಳಾಸ, ಪೋರ್ಟ್ 631, ಪ್ರಿಂಟರ್ ಹೆಸರು ಕೊಟ್ಟರೆ ಆಯಿತು. ಡ್ರೈವರ್ ಕೇಳಿದಾಗ ಎಕ್ಸ್‌ಪಿ ಜೊತೆಗೇ ಬರುವ ಯಾವುದಾದರೂ ಕಲರ್ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರ್‌ಗೆ ವಿವರಿಸುವ ಭಾಷೆ) ಪ್ರಿಂಟರ್ ಆರಿಸಬೇಕು. ಪೇಜ್‌ಮೇಕರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಅಂದರೆ ತವರು ಮನೆ, ಕಪ್ಸ್‌ಗೂ ಅದು ಅರ್ಥವಾಗುತ್ತದೆ. ಇದೇ ದಾರಿಯಲ್ಲಿ ಕಪ್ಸ್-ಪಿಡಿಎಫ್ ಅನ್ನುವ ಸುಳ್ಳು ಪ್ರಿಂಟರನ್ನೂ ಸೇರಿಸಿದೆ. ಎಕ್ಸ್‌ಪಿಯಿಂದ ಅದಕ್ಕೆ ಪ್ರಿಂಟ್ ಕೊಟ್ಟರೆ ಉಬುಂಟುವಿನ ಒಂದು ಫೋಲ್ಡರ್‌ನಲ್ಲಿ ಪಿಡಿಎಫ್ ಬಂದು ಬೀಳುತ್ತದೆ, ಅಲ್ಲಿಂದ ಗಿರಾಕಿಯ ವಾಟ್ಸಾಪ್‌ಗೆ ಪ್ರೂಫ್. ಮೊದಲು ಮಾನಿಟರ್‌ನ ಫೋಟೋ ಹೊಡೆದು ಕಳಿಸುತ್ತಿದ್ದರಂತೆ.

ಉಳಿದದ್ದು ಫೋಟೋ. ವಾಟ್ಸಾಪ್‌ನಲ್ಲಿ ಬರುವ ಗಂಡು ಹೆಣ್ಣಿನ ಫೋಟೋ ಉಬುಂಟುವಿನಿಂದ ಎಕ್ಸ್‌ಪಿಗೆ ಹೋಗಬೇಕು. ವಿಂಡೋಸ್ ಜೊತೆ ಫೈಲ್ ಹಂಚುವ ಸಾಂಬಾದಿಂದ ಫೋಲ್ಡರ್ ಹಂಚಿದರೆ ಎಕ್ಸ್‌ಪಿಗೆ ಕಾಣುವುದಿಲ್ಲ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಫೈಲ್ ಹಂಚಿಕೆಯ ಹಳೆಯ ಭಾಷೆ ಮಾತ್ರ, ಸಾಂಬಾ 2019ರ 4.11ರಿಂದ ಅದನ್ನು ಡೀಫಾಲ್ಟ್ ಆಗಿ ಮುಚ್ಚಿದೆ, ಮುಚ್ಚಿದ್ದೂ ಸರಿಯೇ. ಇಲ್ಲಿ ಅದನ್ನು ತೆರೆಯಲೇಬೇಕಾಯಿತು, ಹಳೆಯ ಎನ್‌ಟಿಎಲ್‌ಎಂ ಲಾಗಿನ್‌ಗೂ ಒಪ್ಪಿಗೆ ಕೊಡಬೇಕಾಯಿತು. ಆದ್ರೆ ಸಾಂಬಾವನ್ನು ಆ ಐಸೊಲೇಟೆಡ್ ನೆಟ್‌ವರ್ಕ್‌ಗೆ ಮಾತ್ರ ಕಟ್ಟಿಹಾಕಿದೆ, ವೈಫೈ ಕಡೆಗೆ ಅದು ಕಿವಿಯನ್ನೇ ಕೊಡುವುದಿಲ್ಲ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆನ್ ಇದ್ದರೆ ಆ ನೆಟ್‌ವರ್ಕ್‌ನಿಂದ ಬರುವ 445 ಮತ್ತು 631 ಪೋರ್ಟ್‌ಗಳನ್ನು ಬಿಡಬೇಕು.

ಎಲ್ಲ ನಿಂತ ಮೇಲೆ ಮೂಲ ಇಮೇಜನ್ನೂ ಮೇಲಿನ ಪದರವನ್ನೂ ಸೇರಿಸಿ ಒಂದೇ ಕ್ಯೂಕೌ2 ಫೈಲ್ ಮಾಡಿದೆ. ಮೂಲ ಇಮೇಜ್ ಬೇರೆ ಡಿಸ್ಕಿನಲ್ಲಿ ಹಾಗೇ ಇದೆ. ವಾರಕ್ಕೊಮ್ಮೆ ಎಕ್ಸ್‌ಪಿ ಶಟ್‌ಡೌನ್ ಮಾಡಿ ಆ ಫೈಲನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡುವುದನ್ನು ಅಕ್ಕನಿಗೆ ಹೇಳಿಕೊಟ್ಟೆ. ಸ್ನ್ಯಾಪ್‌ಶಾಟ್ ಕೂಡ ತೋರಿಸಿದೆ, ಆದ್ರೆ ಅದು ಅದೇ ಫೈಲಿನೊಳಗೆ ಕೂರುವುದರಿಂದ ಬ್ಯಾಕಪ್ ಅಂತ ಎಣಿಸಬಾರದು. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

2025ರ ಆಗಸ್ಟ್‌ನಲ್ಲಿ ಉಬುಂಟು 24.04ಕ್ಕೆ 6.14 ಕರ್ನಲ್ ಬಂತು. ಪ್ರೆಸ್‌ಗೆ ಫೋನ್ ಮಾಡಿ ವಿಚಾರಿಸಿದೆ. ಯಜಮಾನರಿಗೆ ಅಪ್‌ಡೇಟ್ ಆಗಿದ್ದೇ ಗೊತ್ತಿರಲಿಲ್ಲ, ಎಕ್ಸ್‌ಪಿ ಎಂದಿನಂತೆ ಏಳುತ್ತಿತ್ತು.

ಈಗ ಉಳಿದಿರುವ ಭಯ ಡಾಂಗಲ್‌ನದು. ಇಡೀ ಯಂತ್ರವನ್ನು ಕಾಪಿ ಮಾಡಿಡಬಹುದು, ಆ ಪ್ಲಾಸ್ಟಿಕ್ ತುಂಡನ್ನು ಮಾಡಲಾಗುವುದಿಲ್ಲ. ಹಾಗಾಗಿ ಹೊಸ ಕೆಲಸಗಳನ್ನು ಆದಷ್ಟು ಯೂನಿಕೋಡ್‌ನಲ್ಲಿ, ಉಬುಂಟುವಿನಲ್ಲೇ ಸ್ಕ್ರೈಬಸ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಂಡು ಮಾಡಲು ಅಕ್ಕ ಶುರುಮಾಡಿದ್ದಾರೆ. ಕೆಲಸ ಕಮ್ಮಿ ಇದ್ದಾಗ ಹಳೆಯ ಫೈಲ್‌ಗಳನ್ನು ಒಂದೊಂದೇ ತೆರೆದು ಪಿಡಿಎಫ್ ಮಾಡಿಡುತ್ತಾರೆ. ಲಗ್ನಪತ್ರಿಕೆಯ ಮಾದರಿಗಳು ಮುಗಿದಿವೆಯಂತೆ, ಬಿಲ್ ಬುಕ್‌ಗಳು ಇನ್ನೂ ಬಾಕಿ.